ಊದ್ರಿ ಕಾಕಾ, ಇನ್ನೂ ಊದ್ರಿ

ಕಡಲೆ ರಾಶಿ ಮುಗಿದ ಮೇಲೆ ಅಪ್ಪನಿಗೆ ದಮ್ಮು ಜಾಸ್ತಿಯಾಯಿತು. ರಾಶಿ ಮಷಿನ್ನಿನ ಧೂಳು ಅವರಿಗೆ ಆಗಿಬರುವುದಿಲ್ಲ. ರೋಣದ ಕಡೆಯ ನಮ್ಮೂರಿನಿಂದ ಹುಬ್ಬಳ್ಳಿಗೆ ಕರೆದುಕೊಂಡು ಬಂದೆ. ಡಾಕ್ಟರು ಉಸಿರಿನ ಪರೀಕ್ಷೆ ಬರೆದುಕೊಟ್ಟರು. ಪಾಳಿ ಉದ್ದ ಇತ್ತು. ನಾವು ಕೂತ ಬೆಂಚಿನ ಎದುರಿಗೆ ಮಕ್ಕಳ ವಾರ್ಡು. ಅದರ ಗೋಡೆಯ ಮೇಲೊಂದು ನೀಲಿ ತಿಮಿಂಗಿಲ, ತಲೆಯ ಮೇಲೆ ಕಾರಂಜಿ.

ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. "ಅವ್ವಾ, ಮೂಗಿನ್ಯಾಗ ಒಂದು ಹನಿ ನೀರು ಹೊಕ್ಕರ ನಮಗ ತಡಕೊಳ್ಳಾಕ ಆಗೂದಿಲ್ಲ. ಇದಕ ಹೆಂಗ ಆಕ್ಕೈತಿ?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಪ್ಪ ಇಂಥದ್ದು ಕೇಳಿದ್ದು ಖುಷಿಯಾಯಿತು. ಅದು ಕಾರಂಜಿಯಲ್ಲ ಅಪ್ಪಾ, ಉಸಿರು ಅಂದೆ. ಅದರ ಮೂಗು ನೆತ್ತಿಯ ಮೇಲಿದೆ. ನೀಲಿ ತಿಮಿಂಗಿಲಕ್ಕೆ ಎರಡು ಹೊಳ್ಳೆ, ಹಲ್ಲಿರುವ ಜಾತಿಗಳಿಗೆ ಒಂದೇ. ಅವು ಮುಚ್ಚಿಕೊಂಡೇ ಇರುತ್ತವೆ. ತೆರೆಯಬೇಕಾದರೆ ಸ್ನಾಯು ಬಿಗಿಯಬೇಕು. ಹಾಗಾಗಿ ಮುಳುಗಿದಾಗ ನೀರು ಒಳಗೆ ಹೋಗುವುದಿಲ್ಲ. ಮೇಲೆ ಬಂದ ಕೂಡಲೇ ಬಿಸಿ ಉಸಿರನ್ನು ರಭಸದಿಂದ ಹೊರಗೆ ತಳ್ಳುತ್ತದೆ. ಹಾಗೆ ಹೊರಬಂದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಅದರ ಆವಿ ಹನಿಗಟ್ಟುತ್ತದೆ. ಹೊಳ್ಳೆಯ ಮೇಲೆ ನಿಂತಿದ್ದ ಸಮುದ್ರದ ನೀರು, ಒಳಗಿನ ಸಿಂಬಳ ಎಲ್ಲ ಜತೆಗೇ ಸಿಡಿಯುತ್ತವೆ. ಚಳಿಗಾಲದ ನಸುಕಿನಲ್ಲಿ ಹೊಲಕ್ಕೆ ಹೋಗುವಾಗ ಬಾಯಿಂದ ಹೊಗೆ ಬರುತ್ತದಲ್ಲ, ಹಾಗೆ. ನೀಲಿ ತಿಮಿಂಗಿಲದ್ದು ಸುಮಾರು 9 ಮೀಟರ್ ಎತ್ತರಕ್ಕೆ ಏಳುತ್ತದೆ. ಸ್ಪರ್ಮ್ ತಿಮಿಂಗಿಲದ ಹೊಳ್ಳೆ ಎಡಕ್ಕಿದೆ, ಅದರ ಉಸಿರು ಮುಂದಕ್ಕೆ ಎಡಕ್ಕೆ ವಾಲಿ ಚಿಮ್ಮುತ್ತದೆ. ಬಲ್ಲವರು ದೂರದಿಂದಲೇ ಜಾತಿ ಹೇಳುತ್ತಾರೆ.

ಅಷ್ಟರಲ್ಲಿ ಅಪ್ಪನ ಹೆಸರು ಕೂಗಿದರು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟರು. ಬಾಯಿಂದ ಉಸಿರಾಡಲು ತಿಮಿಂಗಿಲಕ್ಕೆ ಬರುವುದೇ ಇಲ್ಲ, ಅದರ ಶ್ವಾಸನಾಳ ನೇರ ನೆತ್ತಿಗೆ ಹೋಗುತ್ತದೆ. ಅಪ್ಪನಿಗೆ ಈಗ ಬಾಯಿ ಬಿಟ್ಟರೆ ಬೇರೆ ದಾರಿಯಿಲ್ಲ. "ಊದ್ರಿ ಕಾಕಾ, ಇನ್ನೂ ಊದ್ರಿ, ಬಿಡಬ್ಯಾಡ್ರಿ!" ಕೊರಳಿನ ನರ ಉಬ್ಬಿದವು, ಕಣ್ಣು ಕೆಂಪಾದವು. ಪರದೆಯ ಮೇಲಿನ ಗೆರೆ ಚೂರು ಏರಿ ಕುಸಿಯಿತು. ಮತ್ತೆ ಊದಿಸಿದರು. ನನಗೆ ನೋಡಲಾಗಲಿಲ್ಲ.

ಗಾಳಿ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಇವರಿಗೆ ಕಷ್ಟ, ಹಳೆ ಗಾಳಿ ಒಳಗೇ ಉಳಿಯುತ್ತದೆ ಅಂದರು ಡಾಕ್ಟರು. ಆರೋಗ್ಯವಾಗಿರುವ ನಾವೂ ಒಂದು ಸಾಧಾರಣ ಉಸಿರಿಗೆ ಎದೆಯ ಗಾಳಿಯಲ್ಲಿ ಶೇಕಡಾ 10-15ರಷ್ಟನ್ನು ಮಾತ್ರ ಬದಲಾಯಿಸುತ್ತೇವೆ. ತಿಮಿಂಗಿಲ ಒಂದೇ ಉಸಿರಿಗೆ ಶೇಕಡಾ 80-90ರಷ್ಟನ್ನು ಬದಲಾಯಿಸುತ್ತದೆ, ಅದೂ ಒಂದೆರಡು ಸೆಕೆಂಡಿನಲ್ಲಿ. ಅಷ್ಟು ರಭಸ ಅದಕ್ಕೇ. ಆಮ್ಲಜನಕವನ್ನು ರಕ್ತದಲ್ಲಿ, ಸ್ನಾಯುಗಳಲ್ಲಿ ತುಂಬಿಕೊಂಡು ಕೆಳಗಿಳಿದ ಸ್ಪರ್ಮ್ ತಿಮಿಂಗಿಲ ಒಂದು ತಾಸಿನವರೆಗೂ ಮೇಲೆ ಬರದೆ ಇರಬಲ್ಲದು.

ಇನ್‌ಹೇಲರ್ ಎಳೆಯುವ ಮುಂಚೆ ಪೂರ್ತಿ ಉಸಿರು ಬಿಡಬೇಕು ಎಂದು ನರ್ಸ್ ತೋರಿಸಿದಾಗ ಅಪ್ಪ ನನ್ನ ಕಡೆ ತಿರುಗಿದರು. "ನಿನ್ನ ಮೀನದ ಗತೆ ಮೊದಲ ಖಾಲಿ ಮಾಡಬೇಕೇನು?"

ಮೀನಲ್ಲ ಅಪ್ಪಾ, ಮರಿಗೆ ಹಾಲೂಡಿಸುವ ಪ್ರಾಣಿ ಅಂದೆ.

ಗದಗದ ಬಸ್ಸು ಅಣ್ಣಿಗೇರಿ ದಾಟುವಾಗ ಮತ್ತೆ ಕೇಳಿದರು, "ಮತ್ತ ಮಲಗಿದಾಗ ಅದಕ ಉಸಿರು?" ಅದೇ ಬಳಗದ ಡಾಲ್ಫಿನ್ ಮೆದುಳಿನ ಅರ್ಧ ಭಾಗವನ್ನಷ್ಟೇ ಮಲಗಿಸುತ್ತದೆ, ಇನ್ನರ್ಧ ಎಚ್ಚರ ಇದ್ದು ಉಸಿರು ನೋಡಿಕೊಳ್ಳುತ್ತದೆ ಅಂದೆ.

"ಅಯ್ಯ ಪಾಪ, ಅದಕೂ ಪೂರಾ ನಿದ್ದಿ ಇಲ್ಲೇನು?" ಅಂದರು ಅಪ್ಪ. ಎಷ್ಟೋ ರಾತ್ರಿ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದವರು ಅವರು.