ವಿದ್ಯಾರ್ಥಿಗಳಿಗೆ ಒಂದು ದಿನದ ಅನ್ಯೋನ್ಯ ಕೂಟ: ವೇದಿಕೆ ಚಿಕ್ಕದಿರಲಿ, ಗುಂಪಿನ ಓದಿಗೆ ಸಮಯ ಸಿಗಲಿ

ವಿದ್ಯಾರ್ಥಿಗಳ ಕೂಟ ಅಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಬಹುಮಟ್ಟಿಗೆ ಇಷ್ಟೇ: ಬ್ಯಾನರು, ವೇದಿಕೆ ಮೇಲೆ ಆರು ಕುರ್ಚಿ, ಶಾಲು ಹೊದಿಸುವುದು, ಬೋಧಕರ ಒಂದೂವರೆ ಗಂಟೆಯ ಸಂದೇಶ, ಬಿರಿಯಾನಿ, ಗ್ರೂಪ್ ಫೋಟೊ. ಪಕ್ಕದಲ್ಲಿ ಕೂತವನ ಹೆಸರೂ ಗೊತ್ತಾಗದೆ ಹುಡುಗರು ಹಾಸ್ಟೆಲಿಗೆ ವಾಪಸಾಗುತ್ತಾರೆ. ಏಳೆಂಟು ಜನ ಸುತ್ತ ಕೂತು ಒಂದೇ ವೇದಭಾಗವನ್ನು, ಅಂದರೆ ಬೈಬಲಿನ ಒಂದು ಭಾಗವನ್ನು, ಓದಿ ಮಾತಾಡುವ ಐವತ್ತೈದು ನಿಮಿಷ ಸಿಕ್ಕರೆ ದಿನ ಸಾರ್ಥಕ. ಉಳಿದ ಏರ್ಪಾಡೆಲ್ಲ ಆ ಐವತ್ತೈದು ನಿಮಿಷ ಕಾಪಾಡುವುದಕ್ಕೆ ಇರಬೇಕು. ಹುಬ್ಬಳ್ಳಿ-ಧಾರವಾಡದಂಥ, ಹಾಸ್ಟೆಲು ಪಿಜಿ ತುಂಬಿದ ಊರಲ್ಲಿ 60 ವಿದ್ಯಾರ್ಥಿಗಳು ಬರುತ್ತಾರೆಂದು ಇಟ್ಟುಕೊಂಡು ಈ ಲೆಕ್ಕ ಹಾಕಿದ್ದೇನೆ.

ಮೊದಲು ದಿನಾಂಕ. ಫೆಬ್ರವರಿಯ ಮೂರನೇ ಭಾನುವಾರ ವಿದ್ಯಾರ್ಥಿಗಳಿಗಾಗಿ ಲೋಕದೆಲ್ಲೆಡೆ ಪ್ರಾರ್ಥಿಸುವ ದಿನ. 1895ರಲ್ಲಿ ಹುಟ್ಟಿದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ರೂಢಿಗೆ ತಂದದ್ದು. ಆ ಭಾನುವಾರದ ಆರಾಧನೆಯಲ್ಲಿ ಪ್ರಾರ್ಥನೆ ಖಂಡಿತ ಇರಲಿ, ಆದರೆ ಇಡೀ ದಿನದ ಕೂಟ ಅಂದು ಬೇಡ. ಪಿಯುಸಿಯವರಿಗೆ ಪ್ರಾಕ್ಟಿಕಲ್ಸು, ಮುಂದೆ ಪರೀಕ್ಷೆ. ಬಂದವರೂ ಪುಸ್ತಕ ಹಿಡಿದೇ ಬರುತ್ತಾರೆ. ಆಗಸ್ಟ್ 15 ಒಳ್ಳೆಯ ದಿನ. ಕಾಲೇಜು ಶುರುವಾಗಿರುತ್ತದೆ, ಊರಿಗೆ ಹೊಸದಾಗಿ ಬಂದವರು ಸಭೆ ಹುಡುಕುತ್ತಿರುತ್ತಾರೆ. ಆದರೆ ಬೆಳಿಗ್ಗೆ ಕಾಲೇಜಲ್ಲಿ ಧ್ವಜಾರೋಹಣ ಇರುತ್ತದೆ, ಆದ್ದರಿಂದ ಹತ್ತಕ್ಕೆ ಮುಂಚೆ ಯಾರನ್ನೂ ಕರೆಯಬೇಡಿ. ಒಂಬತ್ತಕ್ಕೆ ಎಂದು ಹಾಕಿ ಹತ್ತೂವರೆಗೆ ಶುರು ಮಾಡಿದರೆ ಮುಂದಿನ ವರ್ಷ ನಿಮ್ಮ ಸಮಯವನ್ನು ಯಾರೂ ನಂಬುವುದಿಲ್ಲ. ಅಕ್ಟೋಬರ್ 2 ಇಟ್ಟುಕೊಳ್ಳುವವರು ಅಂದು ಬೆಂಗಳೂರಿನಲ್ಲಿ ಮಾಂಸ ಮಾರಾಟಕ್ಕೆ ನಿಷೇಧ ಇರುತ್ತದೆ ಎಂಬುದನ್ನು ನೆನಪಿಡಿ. ಬೇರೆ ಊರಿನವರು ಮೊದಲೇ ವಿಚಾರಿಸಿ, ಇಲ್ಲವೇ ಪಲಾವಿಗೆ ಒಪ್ಪಿಕೊಳ್ಳಿ.

ಕರೆಯುವುದು ವಾಟ್ಸಾಪ್ ಪೋಸ್ಟರಿನಿಂದ ಆಗುವ ಕೆಲಸವಲ್ಲ. ಒಂದೊಂದು ಹಾಸ್ಟೆಲಿಗೆ, ಒಂದೊಂದು ನರ್ಸಿಂಗ್ ಕಾಲೇಜಿಗೆ ಒಬ್ಬ ಅಣ್ಣನೋ ಅಕ್ಕನೋ ಜವಾಬ್ದಾರಿ ಹೊರಬೇಕು. ಬೀದರ ಕಡೆಯ ಮೆಥೊಡಿಸ್ಟ್ ಪಂಗಡದ ಮಕ್ಕಳು, ಮಂಗಳೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮಕ್ಕಳು, ಕೇರಳದಿಂದ ಓದಲು ಬಂದವರು, ಎಲ್ಲರೂ ಒಂದೇ ಊರಲ್ಲಿದ್ದರೂ ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಕಾಲೇಜುಗಳಲ್ಲಿ ಯುಇಎಸ್‌ಐ ಅಥವಾ ಎಸ್‌ಸಿಎಂ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಗಳ ಗುಂಪುಗಳಿದ್ದರೆ ಅವರನ್ನು ಅತಿಥಿಗಳನ್ನಾಗಿ ಕರೆಯದೆ ಏರ್ಪಾಡಿಗೇ ಸೇರಿಸಿಕೊಳ್ಳಿ. ಚಿಕ್ಕ ಗುಂಪಿನಲ್ಲಿ ಓದುವ ರೂಢಿ ಅವರಿಗಿರುತ್ತದೆ. ಇತರ ಧರ್ಮದ ಗೆಳೆಯರು ಬರುವುದಾದರೆ ಇದು ಕ್ರೈಸ್ತ ಕೂಟ, ಸತ್ಯವೇದ ಓದುತ್ತೇವೆ ಎಂದು ಮೊದಲೇ ನೇರವಾಗಿ ಹೇಳಿ. ಹದಿನೆಂಟು ತುಂಬದವರಿಗೆ, ಅಂದರೆ ಪಿಯುಸಿಯವರಲ್ಲಿ ಬಹುತೇಕರಿಗೆ, ತಂದೆ-ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಅದರಲ್ಲೇ ಎರಡು ಫೋನ್ ನಂಬರು, ಔಷಧಿ, ಸಸ್ಯಾಹಾರಿಯೇ ಎಂಬುದನ್ನೂ ಬರೆಸಿಕೊಳ್ಳಿ.

ಈಗ ಗುಂಪಿನ ವಿಷಯ. 60 ಜನಕ್ಕೆ ಎಂಟು ಗುಂಪು. ಹತ್ತು ದಾಟಿದರೆ ಮೂವರೇ ಮಾತಾಡುತ್ತಾರೆ, ಐದಕ್ಕಿಳಿದರೆ ನಾಚಿಕೆಯವರಿಗೆ ಅಡಗಲು ಜಾಗವಿಲ್ಲದೆ ಮುಜುಗರ. ಬಾಗಿಲಲ್ಲೇ ಬಣ್ಣದ ಚೀಟಿ ಕೊಟ್ಟು ಗುಂಪು ಮಾಡಿ. ಒಂದೇ ಕೋಣೆಯ ಗೆಳತಿಯರು ಒಂದೇ ಗುಂಪಿಗೆ ಬೀಳದಂತೆ ಸಾಲಾಗಿ ಬಣ್ಣ ಬದಲಿಸುತ್ತ ಹೋಗಿ. ಆದರೆ ಕನ್ನಡ ಮಾತ್ರ ಬರುವವರನ್ನೂ ಇಂಗ್ಲಿಷ್ ಮಾತ್ರ ಬರುವವರನ್ನೂ ಸುಮ್ಮನೆ ಬೆರೆಸಿದರೆ ಓದು ಕೆಡುತ್ತದೆ. ಒಂದೆರಡು ಬಣ್ಣವನ್ನು ಇಂಗ್ಲಿಷಿಗೆ ಮೀಸಲಿಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಕನ್ನಡ ಸತ್ಯವೇದದ ಗ್ರಂಥಭಾಷೆ ತೊಡಕಾಗುತ್ತದೆ, ಅದಕ್ಕೆ ವೇದಭಾಗವನ್ನು ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಮುದ್ರಿಸಿ ಕೈಗೆ ಕೊಡುವುದು ಮೇಲು. ಮೊಬೈಲಲ್ಲಿ ಓದಿ ಎಂದರೆ ಅರ್ಧ ಜನ ಇನ್‌ಸ್ಟಾಗ್ರಾಮಿಗೆ ಹೋಗಿಬಿಡುತ್ತಾರೆ.

ವಿದ್ಯಾರ್ಥಿಗಳಿಗೆ ದಾನಿಯೇಲ 1ನೇ ಅಧ್ಯಾಯ ಚೆನ್ನಾಗಿ ಹೊಂದುತ್ತದೆ. ಇಪ್ಪತ್ತೊಂದೇ ವಚನ, ಗಟ್ಟಿಯಾಗಿ ಓದಲು ನಾಲ್ಕು ನಿಮಿಷ ಸಾಕು. ಸೆರೆಯಾಗಿ ಬಾಬೆಲಿನ ಅರಮನೆಗೆ ಬಂದ ದಾನಿಯೇಲ ಮತ್ತು ಅವನ ಗೆಳೆಯರು ಅರಸನ ಊಟ ಬೇಡ ಅಂದ ಕಥೆ ಅದು. ಊರು ಬಿಟ್ಟು ಬಂದ ಹುಡುಗರು, ಹೊಸ ಭಾಷೆ, ಬದಲಾದ ಹೆಸರು, ಮೂರು ವರ್ಷದ ಓದು, ಮೆಸ್ಸಿನ ಊಟ, ವಿವರಿಸಬೇಕಾದ್ದು ಕಡಿಮೆ. ಪ್ರಶ್ನೆ ಐದಾರಕ್ಕಿಂತ ಹೆಚ್ಚು ಬೇಡ. ಮೊದಲಿನ ಎರಡು ಪ್ರಶ್ನೆಗೆ ಉತ್ತರ ವಚನದಲ್ಲೇ ಸಿಗುವಂತಿರಲಿ, ಬಾಯಿ ಬಿಚ್ಚಲು ಧೈರ್ಯ ಬರುತ್ತದೆ. ನಡುವಿನ ಪ್ರಶ್ನೆಯೇ ದಿನದ ತಿರುಳು: ಬಾಬೆಲಿನ ವಿದ್ಯೆಯನ್ನೂ ಹೊಸ ಹೆಸರನ್ನೂ ಸ್ವೀಕರಿಸಿದವರು ಊಟವನ್ನು ಮಾತ್ರ ಏಕೆ ಬೇಡ ಅಂದರು? ಇದಕ್ಕೆ ಒಂದೇ ಉತ್ತರವಿಲ್ಲ, ವಾದ ಆಗಬೇಕು. ಆಮೇಲೆ 8ರಿಂದ 14ನೇ ವಚನ ನೋಡಿಸಿ: ದಾನಿಯೇಲ ಜಗಳಕ್ಕೆ ಹೋಗಲಿಲ್ಲ, ವಿನಯದಿಂದ ಕೇಳಿಕೊಂಡು ಹತ್ತು ದಿನದ ಪರೀಕ್ಷೆ ಮಾಡಿ ನೋಡಿ ಅಂದ. ಕಾಲೇಜಲ್ಲಿ ನೀವು ಯಾವುದಕ್ಕೆ ಒಪ್ಪುತ್ತೀರಿ, ಯಾವುದಕ್ಕೆ ಇಲ್ಲ ಅನ್ನುತ್ತೀರಿ, ಹೇಗೆ ಅನ್ನುತ್ತೀರಿ ಎಂಬುದು ಕಡೆಯ ಪ್ರಶ್ನೆ.

ಗುಂಪಿನ ಮುಂದಾಳುಗಳು ಎಡವುವ ಜಾಗ 20ನೇ ವಚನ. ಆ ಹುಡುಗರು ಉಳಿದ ಪಂಡಿತರಿಗಿಂತ 'ಹತ್ತರಷ್ಟು ಮೇಲು' ಎಂಬುದನ್ನು ಹಿಡಿದು ಪ್ರಾರ್ಥನೆ ಮಾಡಿದರೆ ರ‍್ಯಾಂಕು ಎಂದುಬಿಡುತ್ತಾರೆ. ಎರಡು ವಿಷಯ ಬ್ಯಾಕ್ ಉಳಿಸಿಕೊಂಡ ಹುಡುಗ ಅದೇ ವೃತ್ತದಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ. ಹಿಂದಿನ ಶನಿವಾರ ಎಂಟು ಮುಂದಾಳುಗಳನ್ನೂ, ಕೈಕೊಡುವವರ ಬದಲಿಗೆ ಇನ್ನಿಬ್ಬರನ್ನೂ ಕೂರಿಸಿ ಇಡೀ ಪಾಠವನ್ನು ಒಮ್ಮೆ ನಡೆಸಿ ನೋಡಿ. ಪ್ರಶ್ನೆ ಕೇಳಿ ಹತ್ತು ಸೆಕೆಂಡು ಸುಮ್ಮನಿರುವುದನ್ನು ಅಲ್ಲೇ ಅಭ್ಯಾಸ ಮಾಡಿಸಿ. ಮೌನ ತಡೆಯಲಾಗದೆ ಉತ್ತರ ತಾನೇ ಹೇಳುವ ಮುಂದಾಳು ಐದು ನಿಮಿಷದಲ್ಲಿ ಪ್ರಸಂಗಿಯಾಗುತ್ತಾನೆ.

ಸಮಯದ ಹೊಂದಿಕೆ ಹೀಗಿರಲಿ: 10:15ಕ್ಕೆ ಹಾಡು, ಪ್ರಾರ್ಥನೆ. 10:45ಕ್ಕೆ ಚಹಾ. 11ರಿಂದ 11:55 ಗುಂಪಿನ ಓದು. 12:05ಕ್ಕೆ ಸಂದೇಶ, ಮೂವತ್ತು ನಿಮಿಷ. ಸಂದೇಶ ಮೊದಲು, ಓದು ಆಮೇಲೆ ಎಂಬ ಹಳೆಯ ಕ್ರಮದಲ್ಲಿ ಬೋಧಕರು ಎಳೆದಷ್ಟೂ ಗುಂಪಿನ ಸಮಯ ಕರಗುತ್ತದೆ. ಓದಿದ ಮೇಲೆ ಸಂದೇಶ ಇಟ್ಟರೆ ಕೇಳುವವರಿಗೂ ಪ್ರಶ್ನೆಗಳಿರುತ್ತವೆ, ಬಿರಿಯಾನಿ ವಾಸನೆ ಬರುವಾಗ ಬೋಧಕರೂ ಎಳೆಯುವುದಿಲ್ಲ. 12:35ಕ್ಕೆ ಚೀಟಿಯ ಪ್ರಶ್ನೋತ್ತರ: ಹೆಸರಿಲ್ಲದ ಚೀಟಿ, ಕೆಲಸದಲ್ಲಿರುವ ಇಬ್ಬರು ಹಿರಿಯರು, ಪಕ್ಕದಲ್ಲಿ ಅಯ್ಯನವರು (ಸಭಾಪಾಲಕರು). ಪ್ರೀತಿ, ಜಾತಿ, ಮನೆ ಸಾಲ, ಫೇಲಾದದ್ದು, ಇವೇ ಬರುತ್ತವೆ. ಚೀಟಿಯನ್ನು ಮೊದಲೇ ಆರಿಸಿ 'ಒಳ್ಳೆಯ' ಪ್ರಶ್ನೆ ಮಾತ್ರ ಓದಿದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತದೆ. 1:15ಕ್ಕೆ ಊಟ, 2:15ಕ್ಕೆ ಕೂತು ಆಡುವ ಆಟ, 3ಕ್ಕೆ ಮೂವರು ಮೂವರಾಗಿ ಪ್ರಾರ್ಥನೆ, 3:45ಕ್ಕೆ ಮುಕ್ತಾಯ. ಹಳ್ಳಿಗೆ ಹೋಗುವವರಿಗೆ ಬಸ್ಸು ಸಿಗಬೇಕು, ಹುಡುಗಿಯರ ಹಾಸ್ಟೆಲಿನ ಗೇಟು ಹಾಕುವ ಮುಂಚೆ ಅವರು ಮುಟ್ಟಬೇಕು.

ಹಾಡಿಗೆ ಐದೇ ಸಾಕು, ಮೂರು ಎಲ್ಲರಿಗೂ ಬರುವಂಥವು. ಒಂದು ಸಭೆಯ ಗೀತಪುಸ್ತಕದ ನಂಬರು ಇನ್ನೊಂದರಲ್ಲಿ ಬೇರೆ, ಹಾಗಾಗಿ ಸಾಹಿತ್ಯ ಪರದೆ ಮೇಲೆ ಬೇಕು. ಅಲ್ಲೊಂದು ಖಾಯಂ ತೊಂದರೆ: ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು ಬೇರೆ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿ, ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಕರೆಂಟು ಹೋದರೆ ಕೈಕೊಡದಿರುವುದು ಗಿಟಾರೊಂದೇ, ಅದನ್ನು ಮರೆಯಬೇಡಿ.

ಅಡುಗೆಗೆ ಸಹಾಯಕರೂ ಸೇರಿ 70 ಊಟ. ತಲೆಗೆ 125 ಗ್ರಾಂ ಅಕ್ಕಿಯಂತೆ 9 ಕೆಜಿ, ಕೋಳಿ 9ರಿಂದ 10 ಕೆಜಿ, ಮೊಸರುಬಜ್ಜಿಗೆ 5 ಲೀಟರ್ ಮೊಸರು. ಮದುವೆ ಮನೆಯ ಲೆಕ್ಕದಲ್ಲಿ ತಲೆಗೆ 100 ಗ್ರಾಂ ಹಾಕಿದರೆ ಹಾಸ್ಟೆಲ್ ಹುಡುಗರಿಗೆ ಸಾಲದು. ಸಸ್ಯಾಹಾರಿಗಳ ಪಾತ್ರೆ, ಸೌಟು ಬೇರೆಯೇ ಇರಲಿ. ಕುಡಿಯುವ ನೀರು 20 ಲೀಟರಿನ ನಾಲ್ಕು ಕ್ಯಾನು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಪ್ರಾರ್ಥನೆಗೆಂದು, ಸಮಾಲೋಚನೆಗೆಂದು ಯಾವ ದೊಡ್ಡವರೂ ಒಬ್ಬ ವಿದ್ಯಾರ್ಥಿಯೊಂದಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಬಾರದು. ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಎಲ್ಲರ ಕಣ್ಣಿಗೆ ಬೀಳುವ ಜಗುಲಿಯಲ್ಲಿ ಎರಡು ಕುರ್ಚಿ ಹಾಕಿ. ಹುಡುಗಿಯರೊಡನೆ ಮಾತಾಡಲು ಅಕ್ಕಂದಿರೇ ಇರಲಿ. ದೌರ್ಜನ್ಯದ ಮಾತು ಬಂದರೆ ಗುಟ್ಟಾಗಿಡುತ್ತೇನೆಂದು ಭಾಷೆ ಕೊಡಬೇಡಿ; ಹದಿನೆಂಟರ ಒಳಗಿನವರಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ನಂಬರನ್ನು ಗೋಡೆಗೆ ಅಂಟಿಸಿ.

ಶುಲ್ಕ ತಲೆಗೆ 100 ರೂಪಾಯಿ ಇಟ್ಟು, ಆಗದವರದ್ದನ್ನು ಸಭೆಯ ಒಂದು ಮನೆಯವರು ಸದ್ದಿಲ್ಲದೆ ಕಟ್ಟಲಿ. ಯಾರು ಕಟ್ಟಿಲ್ಲ ಎಂಬುದು ನೋಂದಣಿ ಮೇಜಿನಲ್ಲಿ ಗೊತ್ತಾಗದಿರಲಿ. ಮುಗಿದ ಮೂರು ದಿನದೊಳಗೆ ಗುಂಪಿನ ಮುಂದಾಳು ತನ್ನ ಏಳೆಂಟು ಜನರಿಗೂ ಫೋನು ಮಾಡಬೇಕು, ಮೆಸೇಜು ಸಾಲದು. ಕೂಟದ ಮುಂದಿನ ಭಾನುವಾರ ಆರಾಧನೆಗೆ ಬರುವವರಿಗಾಗಿ ಬಾಗಿಲಲ್ಲಿ ಒಬ್ಬರು ನಿಂತಿರಲಿ, ಮಧ್ಯಾಹ್ನದ ಊಟಕ್ಕೆ ಯಾರ ಮನೆಗೆ ಯಾರು ಎಂಬ ಪಟ್ಟಿ ಸ್ತ್ರೀ ಸಮಾಜದ ಅಮ್ಮಂದಿರ ಕೈಯಲ್ಲಿರಲಿ.