ಮೊಂತಿ ಹಬ್ಬದ ತೆನೆ ಯಾರ ಮನೆಗೆಲ್ಲ ಮುಟ್ಟಬೇಕು

ಸೆಪ್ಟೆಂಬರ್ 8 ನಮ್ಮ ಕರಾವಳಿ ಕಥೋಲಿಕರ ತೆನೆ ಹಬ್ಬ, ಮೊಂತಿ ಫೆಸ್ತ್. ಅವತ್ತು ಚರ್ಚಿನಲ್ಲಿ ತೆನೆ ಇರಬೇಕು ಅಂದ್ರೆ ಜೂನ್ ಮಳೆ ಹಿಡಿದಾಗಲೇ ಯಾರೋ ಒಬ್ಬರು ಅದಕ್ಕೆಂದೇ ಗದ್ದೆಗೆ ಇಳಿದಿರಬೇಕು. ನಮ್ಮ ಕರಾವಳಿಯಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲಿಗೆ ಬರುವುದು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ. ಹಬ್ಬ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ. ಹಾಗಾಗಿ ಬೇಗ ತೆನೆ ಬಿಡುವ ಬೀಜ ನೋಡಿ, ಒಂದು ತುಂಡು ಗದ್ದೆಯಲ್ಲಾದರೂ ಮೊದಲೇ ನೇಜಿ ನೆಟ್ಟು, ನವಿಲು ಹಂದಿ ಬಾರದ ಹಾಗೆ ಕಾದು, ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ಸರಿಯಾಗಿ ತೆನೆ ತಯಾರಾಗುವಂತೆ ನೋಡಿಕೊಳ್ಳುವ ಒಬ್ಬ ರೈತ ಬೇಕು. ಮೊಂತಿ ಫೆಸ್ತ್ ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಆ ರೈತ. ಹೂವು, ಕಬ್ಬು, ಬಾಳೆ ಎಲೆ ಊಟ ಎಲ್ಲ ಆಮೇಲೆ.

ಹಿಂದೆ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿಗೆ ಸೇರಿದ, ಸುಮಾರು ಮನೆಗಳಿಗೆ ಗದ್ದೆ ಇತ್ತು. ಈಗ ಅಲ್ಲಿ ಅಡಿಕೆ ಇದೆ, ರಬ್ಬರ್ ಇದೆ, ಕೆಲವು ಕಡೆ ಸೈಟ್ ಆಗಿದೆ. ಇವತ್ತು ನಮ್ಮ ಚರ್ಚಿಗೆ ತೆನೆ ಬರುವುದು ಪಕ್ಕದ ಒಂದು ಹಿಂದೂ ಮನೆಯ ಗದ್ದೆಯಿಂದ. ಅದೇ ಗದ್ದೆಯ ತೆನೆ ಅವರ ತೆನೆ ಹಬ್ಬವಾದ ಕುರಲ್ ಪರ್ಬಕ್ಕೂ ಬೇಕು. ಅವರು ಮಾವಿನೆಲೆ, ಹಲಸಿನೆಲೆ ಸೇರಿಸಿ ತೆನೆಯನ್ನು ಮನೆಯ ಕಂಬಕ್ಕೆ, ಬಾಗಿಲಿಗೆ ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ. ನಾವು ತೆನೆಯನ್ನು ಮರಿಯಮ್ಮನ ಮುಂದೆ ಇಟ್ಟು, ಬಲಿಪೂಜೆ ಮುಗಿಸಿ, ಮನೆಗೆ ತಂದು ನೊವೆಂ, ಅಂದರೆ ಹೊಸ ಬೆಳೆಯ ಊಟ ಮಾಡುತ್ತೇವೆ. ಚರ್ಚಿನ ಪಾಲನ್ನು ಮೊದಲು ಕೊಯ್ದು ಕಟ್ಟಿಟ್ಟು, ಆಮೇಲೆ ಅವರು ತಮ್ಮ ಮನೆಗೆ ಕೊಯ್ಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಅಂಗಳದಲ್ಲಿ ದಾಸವಾಳ ಅರಳಿದರೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆಯಾದ ನವೇನಕ್ಕೆ ಹೂ ಕೊಯ್ಯಲು ನಮ್ಮ ಮಕ್ಕಳು ಕೇಳದೆಯೇ ಒಳಗೆ ಹೋಗುತ್ತವೆ. ಚೌತಿಯೂ ಅದೇ ಹೊತ್ತಿಗೆ ಬರುವುದರಿಂದ, ‘ಗಣಪತಿಗೂ ಸ್ವಲ್ಪ ಬಿಡಿ ಮಕ್ಕಳೇ’ ಅಂತ ಆ ಮನೆಯ ಅಜ್ಜಿ ಒಳಗಿಂದಲೇ ಕೂಗುತ್ತಾರೆ.

ಈ ಹಬ್ಬ ಶುರುವಾದದ್ದು ಮಂಗಳೂರು ಹತ್ತಿರದ ಫರಂಗಿಪೇಟೆಯಲ್ಲಿ ಅಂತ ಹಿರಿಯರು ಹೇಳುತ್ತಾರೆ. ನೇತ್ರಾವತಿ ದಡದ ಮೊಂತೆ ಮರಿಯಾನೊ ಚರ್ಚಿನಲ್ಲಿ, 1763ರಲ್ಲಿ, ಗೋವಾ ಮೂಲದ ಫಾದರ್ ಜೋಕಿಮ್ ಮಿರಾಂದಾ ಇದನ್ನು ಶುರು ಮಾಡಿದರು ಅನ್ನುವುದು ಆ ಮಾತು. ಅದಾಗಿ ಹೆಚ್ಚು ಕಾಲ ಆಗಲಿಲ್ಲ, 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಲ್ಲಿನ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಬದುಕುಳಿದವರು ಬಿಡುಗಡೆಯಾಗಿ ಊರಿಗೆ ಮರಳಲು 1799ರವರೆಗೆ ಕಾಯಬೇಕಾಯಿತು. ಮರಳಿದಾಗ ಎಷ್ಟೋ ಚರ್ಚುಗಳು ನೆಲಸಮ ಆಗಿದ್ದವು, ಆಸ್ತಿ ಕೈ ತಪ್ಪಿತ್ತು. ಅಂಥವರು ಮತ್ತೆ ಉತ್ತು ಬಿತ್ತು ಮೊದಲ ತೆನೆಯನ್ನು ಕೈಯಲ್ಲಿ ಹಿಡಿದಾಗ ಏನನ್ನಿಸಿರಬಹುದು? ಆ ತೆನೆಯನ್ನು ದೇವರ ಮುಂದೆ ಇಡಲು ಎಂಥ ನಂಬಿಕೆ ಬೇಕು! ಹೊಟ್ಟೆ ತುಂಬಿದವರು ಕೊಡುವುದೇ ಬೇರೆ, ಎಲ್ಲ ಕಳೆದುಕೊಂಡವರು ಮೊದಲ ಹಿಡಿಯನ್ನೇ ಕೊಡುವುದೇ ಬೇರೆ. ನಾವು ಆ ಎರಡನೆಯವರ ಮಕ್ಕಳು, ಮೊಮ್ಮಕ್ಕಳು.

ಆಗಸ್ಟ್ 30ಕ್ಕೆ ನವೇನ ಶುರು. ದಿನವೂ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂವು ತರುತ್ತವೆ. ದಾಸವಾಳ, ಗೊಂಡೆ, ಗೌರಿ ಹೂವು, ಬೇಲಿಯಲ್ಲಿ ಸಿಕ್ಕಿದ ಹೆಸರಿಲ್ಲದ ಕಾಡು ಹೂವು. ಪೂಜೆಯ ನಂತರ ಸಾಲಾಗಿ ಬಂದು ಬಾಲ ಮರಿಯಮ್ಮನ ಪ್ರತಿಮೆಗೆ ಹೂ ಎರಚುತ್ತಾ ಹಾಡುತ್ತವೆ. ಮಳೆ ಬಿಟ್ಟಿರುವುದಿಲ್ಲ, ಅಂಗಿ ಅರ್ಧ ಒದ್ದೆ, ಕೊಡೆಗಳೆಲ್ಲ ಬಾಗಿಲ ಬಳಿ ರಾಶಿ. ಈ ಒಂಬತ್ತು ದಿನಗಳ ನಡುವೆ ಸೆಪ್ಟೆಂಬರ್ 5 ಬರುತ್ತದೆ, 1997ರಲ್ಲಿ ಮದರ್ ತೆರೇಸಾ ತೀರಿಕೊಂಡ ದಿನ. ಈಗ ಅದೇ ಅವರ ಹಬ್ಬದ ದಿನ. ಮರಿಯಮ್ಮನಿಗೆ ಹೂ ಹಾಕುವ ನವೇನದ ಮಧ್ಯದಲ್ಲೇ ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡ ಹೆಂಗಸಿನ ನೆನಪೂ ಬರುತ್ತದೆ. ಅದು ಸುಮ್ನೆ ಬಂದದ್ದು ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ. ಚರ್ಚಿನ ಪಂಚಾಂಗದಲ್ಲಿ ಸಂತರನ್ನು ಸಾಮಾನ್ಯವಾಗಿ ನೆನೆಯುವುದು ಅವರು ತೀರಿಕೊಂಡ ದಿನ. ಹುಟ್ಟಿದ ದಿನವನ್ನು ಆಚರಿಸುವುದು ಮೂವರದು ಮಾತ್ರ: ಯೇಸುಸ್ವಾಮಿ, ಸ್ನಾನಿಕ ಯೊವಾನ್ನ, ಮರಿಯಮ್ಮ. ಅದರಲ್ಲಿ ಹೆಣ್ಣುಮಗು ಒಂದೇ. ಒಂದು ಹೆಣ್ಣುಮಗು ಹುಟ್ಟಿತು ಅಂತ ಊರಿಗೆ ಊರೇ ಹೂ ಹಿಡಿದು ನಿಲ್ಲುವುದು ಎಷ್ಟು ಚೆಂದ ಅಲ್ವಾ.

ಆದರೆ ಹಬ್ಬದ ದಿನದ ಶುಭಸಂದೇಶ ಕೇಳಿದರೆ ಕೆಲವರಿಗೆ ಬೇಸರ ಬರುತ್ತದೆ. ಬೈಬಲಿನ ಮತ್ತಾಯನ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ, ಬರೀ ಹೆಸರುಗಳು. ಅಬ್ರಹಾಮನ ಮಗ ಈಸಾಕ, ಈಸಾಕನ ಮಗ ಯಕೋಬ, ಹೀಗೇ ಹೋಗುತ್ತದೆ. ಮಕ್ಕಳು ಅತ್ತಿತ್ತ ನೋಡುತ್ತವೆ, ದೊಡ್ಡವರು ಮನಸ್ಸಿನಲ್ಲೇ ಅಡುಗೆ ಲೆಕ್ಕ ಹಾಕುತ್ತಾರೆ. ಆ ಪಟ್ಟಿಯನ್ನು ನಾನು ಈಗ ತುಂಬ ಆಸೆಯಿಂದ ಕೇಳುತ್ತೇನೆ. ಕಾರಣ, ಅದರ ಮಧ್ಯದಲ್ಲಿ ರೂತಳ ಹೆಸರಿದೆ. ಅವಳು ಮೋವಾಬ್ ದೇಶದವಳು, ಪರದೇಶಿ. ಗಂಡ ತೀರಿಹೋಗಿದ್ದ. ಅತ್ತೆಯನ್ನು ಬಿಡಲಾಗದೆ ಅವಳ ಜೊತೆ ಬೆತ್ಲೆಹೇಮಿಗೆ ಬಂದಳು. ಅದು ಜವೆಗೋದಿ ಕೊಯ್ಲಿನ ಸಮಯ. ಹೊಟ್ಟೆಪಾಡಿಗೆ ಬೇರೆಯವರ ಹೊಲದಲ್ಲಿ ಕೊಯ್ಯುವವರ ಹಿಂದೆ ಹೋಗಿ ಬಿದ್ದ ತೆನೆ ಆರಿಸಿದಳು. ಹೊಲದ ಯಜಮಾನ ಬೋವಜ ಅವಳನ್ನು ಅಟ್ಟಲಿಲ್ಲ. ಅವಳಿಗಾಗಿ ಕಟ್ಟುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಬೀಳಿಸಿ ಅಂತ ಆಳುಗಳಿಗೆ ಹೇಳಿದ. ಮುಂದೆ ಅವಳನ್ನೇ ಮದುವೆಯಾದ. ಅವರ ಮರಿಮಗ ದಾವೀದ ರಾಜ.

ನೋಡಿ, ತೆನೆ ಹಬ್ಬದ ದಿನ ಓದುವ ಆ ವಂಶದಲ್ಲಿ ತೆನೆ ಆಯ್ದು ಬದುಕಿದ ಒಬ್ಬ ಪರದೇಶಿ ವಿಧವೆ ಇದ್ದಾಳೆ. ಬೋವಜ ಅವತ್ತು ‘ಇದು ನನ್ನ ಹೊಲ, ನನ್ನ ಬೆಳೆ’ ಅಂದಿದ್ದರೆ?

ಬೋವಜ ಸುಮ್ನೆ ದೊಡ್ಡ ಮನಸ್ಸು ಮಾಡಿದ್ದಲ್ಲ, ಅವನ ಜನಕ್ಕೆ ಅದು ಕಟ್ಟಳೆಯೇ ಆಗಿತ್ತು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯ ತೆಗೆದು ಓದಿ. ಬೆಳೆಯ ಮೊದಲ ಸಿವುಡನ್ನು ಯಾಜಕನ ಬಳಿಗೆ ತನ್ನಿ ಅಂತ 10ನೇ ವಚನದಲ್ಲಿ ಇದೆ. ಹೊಸ ತೆನೆಯ ಬಗ್ಗೆ ಮಾತಾಡುವಾಗ ನಾವೆಲ್ಲ ಅದನ್ನು ಹೇಳುತ್ತೇವೆ. ಅದೇ ಅಧ್ಯಾಯದ 22ನೇ ವಚನಕ್ಕೆ ಬಂದರೆ, ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಅಂತ ಇದೆ. ಮೊದಲ ಸಿವುಡು ದೇವರಿಗೆ, ಅಂಚಿನ ಬೆಳೆ ಇಲ್ಲದವರಿಗೆ. ಎರಡೂ ಒಂದೇ ಉಸಿರಿನಲ್ಲಿ ಹೇಳಿದ ಮಾತು. ಮೊದಲನೆಯದನ್ನು ಬ್ಯಾಂಡ್ ಸಮೇತ ಮಾಡಿ ಎರಡನೆಯದನ್ನು ಬಿಟ್ಟರೆ ಹಬ್ಬ ಅರ್ಧಕ್ಕೇ ನಿಂತ ಹಾಗೆ. ಇದು ನನ್ನ ಗಟ್ಟಿ ನಂಬಿಕೆ.

ಈ ಎರಡನೆಯ ಅರ್ಧವನ್ನು ಸದ್ದಿಲ್ಲದೆ ಮಾಡುವವರು ನಮ್ಮಲ್ಲಿ ಇದ್ದಾರೆ, ದೇವರ ದಯೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಅಂತ ಬಹಳ ಧರ್ಮಕೇಂದ್ರಗಳಲ್ಲಿ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಝಾನಾಮ್ ಅನ್ನುವ ಕಾಲೇಜು ಹುಡುಗ ಸ್ನೇಹಿತರ ಜೊತೆ ಸೇರಿ ಶುರು ಮಾಡಿದ್ದು. ಬಡವರ ಮನೆಗೆ ಖುದ್ದಾಗಿ ಹೋಗಿ, ಕೂತು, ಅವರ ಕಷ್ಟ ಕೇಳಬೇಕು ಅನ್ನುವುದು ಅವರ ಪದ್ಧತಿ. ಅಕ್ಕಿ ಚೀಲ ಬಾಗಿಲಲ್ಲಿ ಇಟ್ಟು ಬಂದರೆ ಆಗುವುದಿಲ್ಲ. ಮಂಗಳೂರಿನವರಿಗೆ ಫಾದರ್ ಮುಲ್ಲರ್ ಹೆಸರು ಗೊತ್ತು. ಜರ್ಮನಿ ಮೂಲದ ಆ ಯೇಸುಸಭೆಯ ಗುರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದರು. ಇವತ್ತು ಅಲ್ಲಿ ಅವರ ಹೆಸರಿನಲ್ಲಿ ದೊಡ್ಡ ಆಸ್ಪತ್ರೆಯೇ ನಿಂತಿದೆ. ದೊಡ್ಡವರ ಕೆಲಸ ದೊಡ್ಡದು, ಸರಿ. ಆದರೆ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರ್ಕಾರ್, ಅಂದರೆ ಮುಖಂಡ, ಹಬ್ಬದ ದಿನ ಬೈಕಿನಲ್ಲಿ ಮನೆಯಿಂದ ಮನೆಗೆ ತೆನೆ ಹಂಚುತ್ತಾ ಹೋಗುವುದನ್ನು ನೋಡಿದಾಗಲೂ ನನಗೆ ಅಷ್ಟೇ ಗೌರವ ಬರುತ್ತದೆ.

ಹಬ್ಬದ ಬೆಳಿಗ್ಗೆ ನಡೆಯುವುದು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗ್ರೊಟ್ಟೊ (ಮರಿಯಮ್ಮನ ಗವಿಯಂಥ ಗುಡಿ) ಬಳಿ ಫಾದರ್ ತೆನೆಯನ್ನು ಆಶೀರ್ವದಿಸುತ್ತಾರೆ. ಮಕ್ಕಳು ಹೂವಿನ ಬುಟ್ಟಿ ಹಿಡಿದು ಮುಂದೆ, ಬಾಲ ಮರಿಯಮ್ಮನ ಪ್ರತಿಮೆ, ತೆನೆಯ ಹೊರೆ, ಹಿಂದೆ ಜನ, ಹೀಗೆ ಮೆರವಣಿಗೆಯಲ್ಲಿ ಚರ್ಚಿನ ಒಳಗೆ. ಪೂಜೆ ಮುಗಿದ ಮೇಲೆ ಮನೆಗೊಂದಿಷ್ಟು ತೆನೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಅಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ. ಆಮೇಲೆ ಭತ್ತದ ಕಾಳು ಸುಲಿದು, ಕುಟ್ಟಿ, ಹಾಲಿಗೋ ಪಾಯಸಕ್ಕೋ ಸೇರಿಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಚಿಕ್ಕವರು ಹಿರಿಯರ ಬಳಿ ಬಂದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ. ನಂತರ ಬಾಳೆ ಎಲೆಯಲ್ಲಿ ಊಟ. ಅವತ್ತು ಮೀನಿಲ್ಲ, ಮಾಂಸವಿಲ್ಲ. ತರಕಾರಿ ಪದಾರ್ಥ ಮೂರೋ ಐದೋ ಏಳೋ, ಒಟ್ಟು ಬೆಸ ಸಂಖ್ಯೆ ಇರಬೇಕು. ಹರಿವೆ ದಂಟು, ಹಾಗಲಕಾಯಿ ಅಂಬಟೆ, ಬೆಂಡೆ, ಕೆಸುವು, ಕಡಲೆ, ಪತ್ರೊಡೆ. ದುಬೈಯಲ್ಲೋ ಮುಂಬೈಯಲ್ಲೋ ಇರುವವರಿಗೆ ನಾಲ್ಕು ಕಾಳು ಕವರಿನಲ್ಲಿ ಹಾಕಿ ಅಂಚೆಗೆ ಕೊಡುವ ಅಮ್ಮಂದಿರು ಈಗಲೂ ಇದ್ದಾರೆ. ಆ ಕಾಳು ಅಲ್ಲಿ ಪಾಯಸಕ್ಕೆ ಬಿದ್ದ ಮೇಲೇ ಇಲ್ಲಿ ಅಮ್ಮನಿಗೆ ಹಬ್ಬ ಪೂರ್ತಿ ಆಗುವುದು.

ಅಷ್ಟು ದೂರಕ್ಕೆ ಕಳಿಸುತ್ತೇವೆ, ತುಂಬ ಒಳ್ಳೆಯದು. ಹತ್ತಿರದವರು ಯಾರು ಬಿಟ್ಟುಹೋದರು ಅಂತಲೂ ನೋಡಬೇಕಲ್ಲ? ನಮ್ಮ ವಾಳೆಯಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿದ್ದು ಒಬ್ಬರೇ ಇರುವ ಅಜ್ಜ ಅಜ್ಜಿಯರು ಇದ್ದಾರೆ. ಅವರಿಗೆ ದುಡ್ಡಿನ ಕೊರತೆ ಇಲ್ಲ. ಎಲೆ ಹಾಕಿ ಕೂರಲು ಜೊತೆ ಇಲ್ಲ, ಬೆಸಾಂವ್ ಬೇಡಲು ಎದುರಿಗೆ ಮೊಮ್ಮಕ್ಕಳಿಲ್ಲ. ಇಂಥ ಮನೆಗೆ ತೆನೆ ತಲುಪಿಸಿ ಹೊರಟುಬಿಡುವುದಕ್ಕಿಂತ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಅಜ್ಜಿಯ ಕೈಯಿಂದಲೇ ಕಾಳು ಸುಲಿಸಿ, ಅವರಿಂದ ಬೆಸಾಂವ್ ತೆಗೆದುಕೊಂಡು ಬರುವುದು ಎಷ್ಟೋ ಒಳ್ಳೆಯದು. ನಮ್ಮ ಯುವಕರು ಇದನ್ನು ಈಗ ಮಾಡುತ್ತಿದ್ದಾರೆ. ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಮತ್ತೆ ಇನ್ನು ಕೆಲವರು ಇದ್ದಾರೆ. ಜಾರ್ಖಂಡ್, ಒಡಿಶಾ ಕಡೆಯಿಂದ ತೋಟದ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ ಬಂದ ಕಥೋಲಿಕ ಹುಡುಗರು. ಭಾನುವಾರ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಪೂಜೆ ಕೊಂಕಣಿಯಲ್ಲಿ, ಒಂದು ಮಾತೂ ಅರ್ಥ ಆಗುವುದಿಲ್ಲ, ಆದರೂ ತಪ್ಪದೆ ಬರುತ್ತಾರೆ. ತೆನೆ ಹಂಚುವುದು ಕುಟುಂಬಗಳ ಪಟ್ಟಿ ನೋಡಿ, ಆ ಪಟ್ಟಿಯಲ್ಲಿ ಇವರ ಹೆಸರು ಇರುವುದಿಲ್ಲ. ರೂತಳ ಕಥೆ ಓದಿದ ಮೇಲೆ ನನಗೆ ಆ ಕೊನೆಯ ಬೆಂಚಿನ ಕಡೆ ನೋಡದೆ ಇರಲು ಆಗುತ್ತಿಲ್ಲ. ಅವರಲ್ಲಿ ಒಬ್ಬ ಪಶ್ಚಿಮ ಒಡಿಶಾದವನು. ಅವರ ಊರಿನಲ್ಲೂ ಹೊಸ ಅಕ್ಕಿಯ ಹಬ್ಬ ಇದೆ, ನುವಾಖಾಯಿ ಅಂತ, ಗಣೇಶ ಚೌತಿಯ ಮರುದಿನ ಬರುತ್ತದೆ. ಹೊಸ ಅಕ್ಕಿಯನ್ನು ಮೊದಲು ದೇವರಿಗೆ ಕೊಟ್ಟು, ಮನೆಮಂದಿ ಒಟ್ಟಿಗೆ ಕೂತು ತಿಂದು, ಹಿರಿಯರ ಕಾಲಿಗೆ ಬೀಳುತ್ತಾರಂತೆ. ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ನಮ್ಮ ಹಬ್ಬ ಅವನಿಗೆ ಹೊಸದೇನೂ ಅಲ್ಲ, ಅವನನ್ನು ಕರೆದಿರಲಿಲ್ಲ ಅಷ್ಟೇ.

ಈ ವಿಷಯವನ್ನು ಫಾದರ್ ಹತ್ತಿರ, ಗುರ್ಕಾರರ ಹತ್ತಿರ ಮಾತಾಡಿದ್ದಾಗಿದೆ. ಈ ವರ್ಷ ಗದ್ದೆಯಿಂದ ತೆನೆ ಕೊಯ್ದು ತರಲು ಆ ಹುಡುಗರೂ ಬರುತ್ತಾರೆ, ಮೆರವಣಿಗೆಯಲ್ಲಿ ಹೊರೆ ಹೊರುವವರಲ್ಲಿ ಅವರೂ ಇರುತ್ತಾರೆ. ಕುಡುಗೋಲು ಹಿಡಿಯಲು ನಮ್ಮ ಹುಡುಗರಿಗಿಂತ ಅವರಿಗೇ ಚೆನ್ನಾಗಿ ಬರುತ್ತದೆ. ಮಧ್ಯಾಹ್ನದ ಊಟಕ್ಕೆ ಒಬ್ಬೊಬ್ಬರನ್ನು ಒಂದೊಂದು ಮನೆಯವರು ಕರೆದುಕೊಂಡು ಹೋಗಬೇಕು, ಹಾಲ್‌ನಲ್ಲಿ ಬೇರೆ ಪಂಕ್ತಿ ಬೇಡ ಅಂತ ಫಾದರೇ ಹೇಳಿದ್ದಾರೆ. ಇನ್ನೂ ಕೆಲವರಿಗೆ ಮನೆ ಗೊತ್ತಾಗಬೇಕಿದೆ. ಹಿಂದಿ ಬಾರದಿದ್ದರೂ ಪರವಾಗಿಲ್ಲ, ಒಂದು ಎಲೆ ಜಾಸ್ತಿ ಹಾಕಲು ಜಾಗ ಇದ್ದವರು ನವೇನ ಮುಗಿಯುವುದರೊಳಗೆ ನಿಮ್ಮ ಗುರ್ಕಾರರಿಗೆ ಹೆಸರು ಕೊಡಿ.