ಐದೂವರೆ ಇಂಚಿನ ಅಜ್ಜ

ಬದಿಯಡ್ಕದಲ್ಲಿ ನಿನ್ನೆ ಇಡೀ ದಿನ ಮಳೆ. ಕರೆಂಟೂ ಇಲ್ಲ. ಅಂತೂ ನಾನು ಮಾಡುತ್ತಿದ್ದ ಬೊಂಬೆ, ಅಡಿಕೆ ಸುಲಿಯುವ ಅಜ್ಜ, ಮುಗಿಯಿತು.

ನಿಜದ ಒಂದು ಅಡಿಗೆ ಬೊಂಬೆಯಲ್ಲಿ ಒಂದು ಇಂಚು ಲೆಕ್ಕ, ಹಾಗಾಗಿ ಅಜ್ಜ ಎದ್ದು ನಿಂತರೆ ಐದೂವರೆ ಇಂಚು. ಒಳಗೆ ತಂತಿ, ಮೇಲೆ ಹತ್ತಿ, ಕೈ ಮತ್ತು ಮುಖಕ್ಕೆ ಎಂಸೀಲ್, ಕಲಸಿ ಮೆತ್ತಿದರೆ ಗಟ್ಟಿಯಾಗುವ ಅಂಟು. ಸೊಂಟದ ಮುಂಡಿಗೆ, ಅಂದರೆ ಪಂಚೆಗೆ, ಹೊಸ ಬಟ್ಟೆ ಹಾಕಿದರೆ ಕೊಡೆಯ ಹಾಗೆ ಸೆಟೆದು ನಿಂತಿತು. ಸಣ್ಣ ಬೊಂಬೆಗೆ ಒಗೆದು ಒಗೆದು ಸವೆದ ಬಟ್ಟೆಯೇ ಆಗಬೇಕು. ಹೆಗಲಿನ ಬೈರಾಸಕ್ಕೆ (ಚೌಕಳಿ ಟವೆಲಿಗೆ) ನಿಜವಾದ ಬೈರಾಸನ್ನೇ ಕತ್ತರಿಸಿದೆ, ಚೌಕಳಿ ದೊಡ್ಡದಾಯಿತು. ಕೊನೆಗೆ ಹಳೇ ಕರ್ಚೀಫು ಸರಿಹೋಯಿತು.

ಸತಾಯಿಸಿದ್ದು ಮುಟ್ಟಾಳೆ, ಅಡಿಕೆ ಹಾಳೆಯ ಟೋಪಿ. ಅಡಿಕೆ ಹಾಳೆಯನ್ನು ನೆನೆಸಿದರೆ ಬಗ್ಗುತ್ತದೆ, ಆದರೆ ಇಷ್ಟು ಸಣ್ಣ ತಲೆಗೆ ಅದು ದಪ್ಪ. ಮೂರು ಸಲ ಸೀಳಿಹೋಯಿತು. ಆಮೇಲೆ ಒಳಗಿನ ತೆಳು ಪದರವನ್ನು ಮಾತ್ರ ಎಬ್ಬಿಸಿ, ಬೆರಳ ತುದಿಯ ಮೇಲೆ ಮಡಚಿ ದಾರ ಕಟ್ಟಿ ಒಣಗಿಸಿದೆ. ಅಡಿಕೆಗೆ ಮಾತ್ರ ಕಷ್ಟವೇ ಆಗಲಿಲ್ಲ. ಕೊತ್ತಂಬರಿ ಬೀಜ! ಅದೇ ಗೆರೆ, ಅದೇ ಒಣಗಿದ ಸಿಪ್ಪೆಯ ಬಣ್ಣ. ಪೈಂಟೂ ಬೇಡ.

ಅಮ್ಮ ಕನ್ನಡಕ ಹಾಕಿ ನೋಡಿದರು. "ಸುಲಿಯುವವರ ಕೈ ಇಷ್ಟು ನುಣ್ಣಗೆ ಇರ್ತದಾ?" ಅಂದರು. ಹೌದಲ್ವಾ! ಮುಖದ ಸುಕ್ಕಿಗೇ ಎರಡು ಸಂಜೆ ಕಳೆದಿದ್ದೆ, ಕೈ ಮರೆತೇ ಹೋಗಿತ್ತು. ಸೂಜಿಯಿಂದ ಗೀರಿ, ಹಾಲು ಹಾಕದ ಚಹಾದ ಡಿಕಾಕ್ಷನ್ ಹಚ್ಚಿದೆ.

ನಮ್ಮ ತೋಟದಲ್ಲಿ ಈಗ ಮುಟ್ಟಾಳೆ ಹಾಕುವವರು ಯಾರೂ ಇಲ್ಲ. ಸುಲಿಯುವುದೂ ಮೆಷಿನ್ನೇ. ಪಕ್ಕದ ಮನೆಯ ಹುಡುಗ ಬಂದು, "ಇವರು ಯಾಕೆ ತಲೆಗೆ ದೊನ್ನೆ ಇಟ್ಟುಕೊಂಡಿದ್ದಾರೆ?" ಅಂತ ಕೇಳಿದ.